ಓದುಗರ ಸಂಪಾದನೆ, ಹಣದ ಸಂಪಾದನೆ

ಗಳಗನಾಥರು ತಮ್ಮ ಪುಸ್ತಕಗಳ ಗಂಟನ್ನು ಹೊತ್ತು ಊರೂರು ಅಲೆದು ಮಾರಿದರೆಂಬುದನ್ನು ಸಭೆ ಸಮಾರಂಭಗಳಲ್ಲಿ ತ್ಯಾಗದ ಕಥೆಯಾಗಿ ಹೇಳುವ ವಾಡಿಕೆಯಿದೆ. ಅದರಲ್ಲಿದ್ದ ವ್ಯವಹಾರದ ವಿವೇಕವನ್ನು ಗಮನಿಸಿದವರು ವಿರಳ. ‘ಸದ್ಬೋಧ ಚಂದ್ರಿಕೆ’ ಮಾಸಪತ್ರಿಕೆಯಲ್ಲಿ ಕಾದಂಬರಿಯನ್ನು ಕಂತುಕಂತಾಗಿ ಕೊಟ್ಟು, ಮುಂದಿನ ಸಂಚಿಕೆಗಾಗಿ ಕಾಯುವ ಓದುಗರನ್ನು ಅವರು ಬೆಳೆಸಿದರು. ಕೊಳ್ಳುವವರ ಮನೆಬಾಗಿಲನ್ನೂ ಮುಖವನ್ನೂ ಬಲ್ಲವರಾಗಿದ್ದರು.

ಇಂದು ಅಂತರ್ಜಾಲದಲ್ಲಿ ಆರೋಗ್ಯದ ವಿಷಯವಾಗಿ ಕನ್ನಡದಲ್ಲಿ ಬರೆದು, ಅದರಿಂದಲೇ ನಾಲ್ಕು ಕಾಸು ಗಳಿಸಬಯಸುವವರು ಹೊರನಾಡಿನಲ್ಲೂ ಹೆಚ್ಚುತ್ತಿದ್ದಾರೆ. ನಿವೃತ್ತ ವೈದ್ಯರಿದ್ದಾರೆ, ಆಹಾರತಜ್ಞೆಯರಿದ್ದಾರೆ, ಯೋಗ ಕಲಿಸುವವರಿದ್ದಾರೆ. ಅವರ ಆಸೆಯಲ್ಲಿ ತಪ್ಪೇನೂ ಇಲ್ಲ. ಪುಸ್ತಕ ಬಿಡುಗಡೆಯ ದಿನವೇ ಗೌರವಪ್ರತಿಗಾಗಿ ಕೈ ನೀಡುವ ಸಮಾಜದಲ್ಲಿ, ಬರಹಕ್ಕೆ ಬೆಲೆ ಕೇಳುವುದು ಒಂದು ಬಗೆಯ ಧೈರ್ಯವೇ ಸರಿ. ಆದರೆ ಲಕ್ಷಗಟ್ಟಲೆ ಜನ ನೋಡಿದ ಮಾತ್ರಕ್ಕೆ ವ್ಯವಹಾರ ನಿಂತಿತೆಂದು ಭಾವಿಸುವುದು ಭ್ರಮೆ.

ಯೂಟ್ಯೂಬಿನಲ್ಲಿ ಸಾಮಾನ್ಯ ಚಿತ್ರಿಕೆಗಳ ಜಾಹೀರಾತಿನ ಪಾಲು ದೊರೆಯಬೇಕಾದರೆ 1,000 ಚಂದಾದಾರರೂ, 12 ತಿಂಗಳಲ್ಲಿ 4,000 ಗಂಟೆಗಳ ವೀಕ್ಷಣೆಯೂ ಬೇಕು. ಅಷ್ಟಾದ ಮೇಲೂ ಸಿಗುವುದು ಹಲವರಿಗೆ ಮನೆಯ ವಿದ್ಯುತ್ ಬಿಲ್ಲಿಗೂ ಸಾಲದು. ಅಮೆರಿಕದ ಕೆವಿನ್ ಕೆಲಿ 2008ರಲ್ಲಿ ಬರೆದ ಒಂದು ಪ್ರಬಂಧದಲ್ಲಿ, ವರ್ಷಕ್ಕೆ ನೂರು ಡಾಲರ್ ಮನಃಪೂರ್ವಕವಾಗಿ ಕೊಡುವ ಸಾವಿರ ಜನ ನಿಷ್ಠ ಅಭಿಮಾನಿಗಳಿದ್ದರೆ ಒಬ್ಬ ಕಲಾವಿದ ಬದುಕಬಹುದೆಂದು ಲೆಕ್ಕ ಹಾಕಿದರು. ಡಾಲರಿನ ಲೆಕ್ಕ ಇಲ್ಲಿಗೆ ಹೊಂದದಿರಬಹುದು. ತತ್ತ್ವ ಮಾತ್ರ ಗಳಗನಾಥರದೇ.

ಅಂಥ ಓದುಗರು ದೊರೆಯುವುದು ಎಲ್ಲರೂ ಹೇಳುವುದನ್ನೇ ಹೇಳುವುದರಿಂದಲ್ಲ. ಮಧುಮೇಹದ ಬಗ್ಗೆ ಇಂಗ್ಲಿಷಿನಲ್ಲಿ ಬೇಕಾದಷ್ಟು ಬರಹಗಳಿವೆ. ಪುಣೆಯಲ್ಲೋ ಡೊಂಬಿವಲಿಯಲ್ಲೋ ಮಗನ ಮನೆಯಲ್ಲಿರುವ ಹಾಸನದ ತಾಯಿಗೆ ಬೇಕಾದುದು ಬೇರೆ. ರಾಗಿ ಒಳ್ಳೆಯದೆಂದು ಮುದ್ದೆಯ ಮೇಲೆ ಮುದ್ದೆ ಉಣ್ಣಬಹುದೇ? ರಾಗಿಯಲ್ಲಿ ನಾರೂ ಸುಣ್ಣಾಂಶವೂ ಇದ್ದರೂ ಅದು ಬಹುಪಾಲು ಪಿಷ್ಟವೇ, ಆದುದರಿಂದ ಪ್ರಮಾಣ ಮುಖ್ಯವೆಂದು ಆಕೆಯ ಅಡುಗೆಮನೆಯ ಭಾಷೆಯಲ್ಲಿ ಹೇಳುವವರು ಬೇಕು. ಜೋಳದ ರೊಟ್ಟಿ ಎಷ್ಟು, ಗೌರಿ ಹಬ್ಬದ ದಿನ ಏನು ಮಾಡುವುದು, ಏಕಾದಶಿಯಂದು ಮಾತ್ರೆಯ ಗತಿಯೇನು? ಇಂಥ ಪ್ರಶ್ನೆಗಳಿಗೆ ವಾರಕ್ಕೊಂದರಂತೆ, ತಪ್ಪದೆ ಉತ್ತರಿಸುವವರಿಗೆ ಓದುಗರು ನಿಧಾನವಾಗಿಯಾದರೂ ಖಂಡಿತವಾಗಿ ಕೂಡುತ್ತಾರೆ. ಶೀರ್ಷಿಕೆಯಲ್ಲಿ ‘ಮಧುಮೇಹ’ದ ಜೊತೆಗೆ ‘ಸಕ್ಕರೆ ಕಾಯಿಲೆ’ ಎಂದೂ ಇರಬೇಕು. ಜನ ಹುಡುಕುವುದು ತಮ್ಮ ಬಾಯಲ್ಲಿರುವ ಮಾತಿನಿಂದ.

ಕೂಡಿದ ಓದುಗರನ್ನು ಎಲ್ಲಿ ಇರಿಸಿಕೊಳ್ಳಬೇಕೆಂಬುದು ಇನ್ನೊಂದು ಪ್ರಶ್ನೆ. ಮಹಾನಗರದ ಬಾಡಿಗೆದಾರರಿಗೆ ಹನ್ನೊಂದು ತಿಂಗಳ ಕರಾರಿನ ಅರ್ಥವನ್ನು ಯಾರೂ ವಿವರಿಸಬೇಕಾಗಿಲ್ಲ. ಪರರ ವೇದಿಕೆಯ ಮೇಲೆ ಕಟ್ಟಿದ ಕೀರ್ತಿಗೆ ಅಷ್ಟು ಕರಾರೂ ಇರುವುದಿಲ್ಲ. ಗೂಗಲ್ ಪ್ಲಸ್ 2019ರ ಏಪ್ರಿಲಿನಲ್ಲಿ ಸಾಮಾನ್ಯ ಬಳಕೆದಾರರ ಪಾಲಿಗೆ ಮುಚ್ಚಿತು. 2020ರ ಜೂನ್ 29ರಂದು ಭಾರತ ಸರ್ಕಾರ ಟಿಕ್‌ಟಾಕನ್ನು ನಿಷೇಧಿಸಿದಾಗ, ಅಲ್ಲಿ ಲಕ್ಷಾಂತರ ಅನುಯಾಯಿಗಳಿದ್ದವರೂ ಬರಿಗೈಯವರಾದರು. ನಿಷೇಧದ ಸರಿತಪ್ಪು ಬೇರೆ ಮಾತು. ಸ್ವಂತ ಜಾಲತಾಣವಿದ್ದು, ಒಪ್ಪಿ ಕೊಟ್ಟ ಓದುಗರ ಮಿಂಚಂಚೆ ವಿಳಾಸಗಳ ಪಟ್ಟಿಯಿದ್ದವರಿಗೆ ಮರುದಿನವೂ ಬರೆಯಲು ಯಾರೋ ಇದ್ದರು.

ಎಲ್ಲಕ್ಕಿಂತ ಎಚ್ಚರ ಬೇಕಾದುದು ಹಣ ಬರುವ ಕಾಲದಲ್ಲಿ. ಓದುಗರ ವಿಶ್ವಾಸ ಗಟ್ಟಿಯಾದೊಡನೆ ಚೂರ್ಣ, ಕಷಾಯ, ಪುಡಿಗಳನ್ನು ಮಾರುವವರು ಕಮಿಷನ್ನಿನ ಆಸೆ ತೋರಿಸಿ ಬರುತ್ತಾರೆ. ಮಧುಮೇಹವನ್ನು ಗುಣಪಡಿಸುತ್ತದೆಂದು ಔಷಧಿಯ ಜಾಹೀರಾತು ನೀಡುವುದನ್ನು 1954ರ ಔಷಧ ಮತ್ತು ಮಾಂತ್ರಿಕ ಪರಿಹಾರಗಳ ಕಾಯಿದೆಯೇ ನಿಷೇಧಿಸಿದೆ. 2019ರ ಗ್ರಾಹಕ ಸಂರಕ್ಷಣಾ ಕಾಯಿದೆಯ ಪ್ರಕಾರ, ದಾರಿ ತಪ್ಪಿಸುವ ಜಾಹೀರಾತಿಗೆ ಮುಖ ಕೊಟ್ಟವರಿಗೂ ಮೊದಲ ಸಲಕ್ಕೆ 10 ಲಕ್ಷ ರೂಪಾಯಿವರೆಗೆ ದಂಡ ವಿಧಿಸಬಹುದು. ಹಣ ಪಡೆದು ಹೊಗಳಿದರೆ ಅದನ್ನು ಸ್ಪಷ್ಟವಾಗಿ ತಿಳಿಸಬೇಕೆಂದು 2023ರ ಜನವರಿಯಲ್ಲಿ ಕೇಂದ್ರ ಸರ್ಕಾರ ಹೊರಡಿಸಿದ ಸೂಚನೆಗಳು ಹೇಳುತ್ತವೆ. ಕಾನೂನು ಹಾಗಿರಲಿ. ಚೂರ್ಣವನ್ನು ನಂಬಿ ಇನ್ಸುಲಿನ್ ನಿಲ್ಲಿಸಿದವರು ಆಸ್ಪತ್ರೆ ಸೇರಬೇಕಾಗುತ್ತದೆ, ಕೆಲವೊಮ್ಮೆ ಹಿಂದಿರುಗುವುದೂ ಇಲ್ಲ. ಆರೋಗ್ಯದ ಬಗ್ಗೆ ಬರೆಯುವವರು ತಾವು ಹೊಗಳುವ ಔಷಧಿಯನ್ನು ತಾವೇ ಮಾರಬಾರದೆಂಬ ಕಟ್ಟುನಿಟ್ಟು ಕಠಿಣವಾಗಿ ತೋರಬಹುದು. ಆದರೂ ಅದನ್ನು ಸಡಿಲಿಸಲು ಕಾರಣ ಕಾಣದು. ಅವರು ಮಾರಬಹುದಾದ ಬೇರೆ ಸರಕು ಬೇಕಾದಷ್ಟಿದೆ: ಅರ್ಹತೆಯಿದ್ದವರ ಸಲಹೆಯ ವೇಳೆ, ಅಡುಗೆಯ ಪುಸ್ತಕ, ವಾರಾಂತ್ಯದ ತರಗತಿ, ಚಂದಾ.

ಹೊರನಾಡಿನ ಕನ್ನಡ ಸಂಘಗಳಿಗೂ ಇಲ್ಲಿ ಕೆಲಸವಿದೆ. ಸ್ಮರಣ ಸಂಚಿಕೆಗಳಿಗೆ ವೈದ್ಯರು ಬರೆದುಕೊಟ್ಟ ಲೇಖನಗಳು ಕಚೇರಿಯ ಕಪಾಟಿನಲ್ಲಿ ಧೂಳು ತಿನ್ನುತ್ತವೆ. ಕೆಲವನ್ನು ಅಂತರ್ಜಾಲಕ್ಕೆ ಏರಿಸಿದರೂ ಪುಟದ ಭಾವಚಿತ್ರವಾಗಿಯೋ ಹಳೆಯ ಅಕ್ಷರವಿನ್ಯಾಸದಲ್ಲೋ ಇರಿಸುವುದರಿಂದ ಹುಡುಕುವವರಿಗೆ ದಕ್ಕುವುದು ಕಷ್ಟ. ಲೇಖಕರ ಒಪ್ಪಿಗೆ ಪಡೆದು ಅವನ್ನು ಯುನಿಕೋಡಿನಲ್ಲಿ ಬೆರಳಚ್ಚು ಮಾಡಿಸಬಹುದು. ಸಂಘದ ತರುಣರು ಒಂದು ಬೇಸಿಗೆ ರಜೆಯಲ್ಲಿ ಮುಗಿಸಬಹುದಾದ ಕೆಲಸವಿದು. ಹಳೆಯ ಲೇಖನಗಳಲ್ಲಿರುವ ಔಷಧಿಗಳ ಹೆಸರನ್ನೂ ಪ್ರಮಾಣವನ್ನೂ ಪ್ರಕಟಣೆಗೆ ಮುನ್ನ ಒಬ್ಬ ವೈದ್ಯರಿಗೆ ತೋರಿಸತಕ್ಕದ್ದು. ಮೂವತ್ತು ವರ್ಷಗಳಲ್ಲಿ ಚಿಕಿತ್ಸೆ ಬಹಳ ಬದಲಾಗಿದೆ.