ಪಾರಣೆಯೂ ವ್ರತದ ಅಂಗವೇ

ವಯನಾಡಿನ ಸೋದರಿಯೊಬ್ಬರು ಈ ತಿಂಗಳು ನಮಗೊಂದು ದೀರ್ಘವಾದ ಪತ್ರವನ್ನು ಬರೆದಿದ್ದಾರೆ. ಅವರ ಹೆಸರನ್ನಾಗಲಿ ಊರನ್ನಾಗಲಿ ಇಲ್ಲಿ ಕಾಣಿಸುವುದು ಉಚಿತವಲ್ಲ. ಅವರ ಮಗಳು ಮೈಸೂರಿನಲ್ಲಿ ಓದುತ್ತಿದ್ದಾಳೆ. ಒಂದು ವರ್ಷದ ಕಾಲ ಅತಿ ಕಟ್ಟುನಿಟ್ಟಾದ ಪಥ್ಯವನ್ನು ಆಚರಿಸಿ, ಕೂದಲು ಉದುರಿ, ತಿಂಗಳ ಮುಟ್ಟು ನಿಂತು, ಮೆಟ್ಟಿಲು ಹತ್ತಲೂ ಆಗದಂತಾಗಿ ರಜೆಗೆ ಮನೆಗೆ ಬಂದಿದ್ದಾಳೆ. ವೈದ್ಯರು ಹೆಚ್ಚು ಉಣ್ಣಬೇಕೆಂದು ಹೇಳಿದ್ದಾರೆ. ಹುಡುಗಿಯೂ ಒಪ್ಪಿದ್ದಾಳೆ. ಆದರೆ ತಟ್ಟೆಯ ಮುಂದೆ ಕುಳಿತಾಗ ಕೈ ಮುಂದಕ್ಕೆ ಬರುವುದಿಲ್ಲ. ಒಂದು ಸೌಟು ಅನ್ನ ಹೆಚ್ಚು ಬಡಿಸಿದರೆ ಕಣ್ಣಲ್ಲಿ ನೀರು. "ಮಗಳು ಪಥ್ಯವನ್ನು ಬಿಟ್ಟಿದ್ದಾಳೆ, ಆದರೆ ಪಥ್ಯವು ಅವಳನ್ನು ಬಿಟ್ಟಿಲ್ಲ. ನಾವೇನು ಮಾಡೋಣ?" ಎಂದು ಆ ತಾಯಿ ಕೇಳಿದ್ದಾರೆ.

ಉತ್ತರವನ್ನು ಬರೆಯುವ ಮೊದಲು ನಮ್ಮದೇ ಒಂದು ತಪ್ಪನ್ನು ಒಪ್ಪಿಕೊಳ್ಳಬೇಕಾಗಿದೆ. ಕೆಲವು ವರ್ಷಗಳ ಹಿಂದೆ ಕಲ್ಪಟ್ಟದ ಒಂದು ಮದುವೆಯ ಮನೆಯಲ್ಲಿ, ಬಂಧುಗಳ ಮಗಳೊಬ್ಬಳನ್ನು ಕಂಡು, "ಈಗ ಎಷ್ಟು ಸಣ್ಣಗಾಗಿದ್ದೀಯಮ್ಮಾ, ಬಹಳ ಲಕ್ಷಣವಾಗಿದೆ" ಎಂದು ನಾವು ಹೊಗಳಿದ್ದೆವು. ಅವಳು ನಕ್ಕಳು. ಆ ದಿನ ಅವಳು ಹೋಳಿಗೆಯನ್ನು ಮುಟ್ಟಲಿಲ್ಲವೆಂಬುದು ನಮ್ಮ ಕಣ್ಣಿಗೆ ಬಿದ್ದಿತ್ತು, ಮನಸ್ಸಿಗೆ ಬಿದ್ದಿರಲಿಲ್ಲ. ಅವಳು ಆಗಲೇ ಕಾಯಿಲೆಯಲ್ಲಿದ್ದಳೆಂದು ತಿಳಿದದ್ದು ಬಹು ಕಾಲದ ಮೇಲೆ. ಅನ್ನಕ್ಕೆ ಅಂಜುವುದನ್ನು ಮಕ್ಕಳು ತಾವಾಗಿಯೇ ಕಲಿಯುವುದಿಲ್ಲ. ನಮ್ಮಂಥವರ ಮಾತುಗಳೂ ಅವರಿಗೆ ಅದನ್ನು ಕಲಿಸುತ್ತವೆ.

ಈಗ ವಿಷಯಕ್ಕೆ ಬರೋಣ. ಆಹಾರವನ್ನು ಬಹಳ ಕಾಲ ಕಡಿಮೆ ಮಾಡಿದಾಗ ಶರೀರವು ಬುದ್ಧಿವಂತ ಗೃಹಿಣಿಯಂತೆ ವರ್ತಿಸುತ್ತದೆ. ಆದಾಯ ಕುಗ್ಗಿದ ಮನೆಯಲ್ಲಿ ಆಕೆ ಖರ್ಚನ್ನು ಬಿಗಿ ಮಾಡುವಂತೆ, ಶರೀರವೂ ಮೈಯ ಕಾವನ್ನು ತಗ್ಗಿಸುತ್ತದೆ, ನಾಡಿಯನ್ನು ನಿಧಾನಗೊಳಿಸುತ್ತದೆ, ಮುಟ್ಟನ್ನು ನಿಲ್ಲಿಸುತ್ತದೆ. ಮನಸ್ಸಾದರೋ ಹಗಲಿರುಳೂ ಊಟದ ಸುತ್ತಲೇ ತಿರುಗತೊಡಗುತ್ತದೆ. ಇದನ್ನು ಪರೀಕ್ಷಿಸಿ ನೋಡಿದವರೂ ಉಂಟು. ಎರಡನೆಯ ಮಹಾಯುದ್ಧದ ಕೊನೆಯ ಕಾಲದಲ್ಲಿ, 1944-45ರಲ್ಲಿ, ಅಮೆರಿಕದ ಮಿನ್ನೆಸೋಟ ವಿಶ್ವವಿದ್ಯಾಲಯದಲ್ಲಿ ಆನ್ಸೆಲ್ ಕೀಸ್ ಎಂಬ ವಿಜ್ಞಾನಿಯು, ಯುದ್ಧಕ್ಕೆ ಹೋಗಲೊಪ್ಪದೆ ಸ್ವಇಚ್ಛೆಯಿಂದ ಮುಂದೆ ಬಂದ 36 ಮಂದಿ ಆರೋಗ್ಯವಂತ ಯುವಕರಿಗೆ 24 ವಾರಗಳ ಕಾಲ ಸುಮಾರು ಅರ್ಧ ಆಹಾರವನ್ನಷ್ಟೇ ಕೊಟ್ಟು ನೋಡಿದನು. ಅವರ ತೂಕ ಕಾಲು ಭಾಗದಷ್ಟು ಇಳಿಯಿತು. ಅದಕ್ಕಿಂತ ಹೆಚ್ಚು ಸೋಜಿಗದ ಸಂಗತಿಯೆಂದರೆ ಅವರ ಮನಸ್ಸಿನಲ್ಲಾದ ಬದಲಾವಣೆ. ಅವರು ಪಾಕಶಾಸ್ತ್ರದ ಪುಸ್ತಕಗಳನ್ನು ಓದತೊಡಗಿದರು, ಒಂದೊಂದು ಊಟವನ್ನೂ ಗಂಟೆಗಟ್ಟಲೆ ಎಳೆದರು, ಸಿಡುಕರಾದರು, ಖಿನ್ನರಾದರು. ಮರಳಿ ಆಹಾರ ಕೊಟ್ಟಾಗ, ಚೂರುಚೂರಾಗಿ ಹೆಚ್ಚಿಸಿದವರ ಚೇತರಿಕೆ ತೀರ ನಿಧಾನವಾಯಿತು. ಕುಗ್ಗಿದ ಶರೀರವನ್ನು ಕಟ್ಟಲು ಸಮೃದ್ಧವಾದ ಆಹಾರವೇ ಬೇಕೆಂಬುದು ಕೀಸನ ತೀರ್ಮಾನ. ಈ ವಿವರಗಳೆಲ್ಲ 1950ರಲ್ಲಿ ಎರಡು ಸಂಪುಟಗಳ ಗ್ರಂಥವಾಗಿ ಪ್ರಕಟವಾದವು. ಆದುದರಿಂದ ಪತ್ರ ಬರೆದ ತಾಯಿ ಮೊದಲು ತಿಳಿಯಬೇಕಾದುದು ಇದು: ಮಗಳ ಸಿಡುಕೂ ಅಳುವೂ ಹಟವಲ್ಲ, ಹಸಿದ ಶರೀರದ ಲಕ್ಷಣಗಳು.

ಹಾಗಾದರೆ ಹಸಿದವಳಿಗೆ ಅನ್ನದ ಭಯವೇಕೆ? ಏಕೆಂದರೆ ಒಂದು ವರ್ಷ ಅವಳು ಅನ್ನವನ್ನು ಶತ್ರುವೆಂದು ಭಾವಿಸಿದ್ದಾಳೆ. ಬಾಗಿಲನ್ನು ತುಸು ತೆರೆದರೂ ಆ ಶತ್ರು ಮನೆಯನ್ನೆಲ್ಲ ಆಕ್ರಮಿಸುವನೆಂಬ ಭೀತಿ ಅವಳದು. ಮೊದಲ ವಾರದಲ್ಲಿ ತಕ್ಕಡಿಯ ಮುಳ್ಳು ಮೇಲೇರಿದಾಗ ಆ ಭೀತಿಗೆ ಸಾಕ್ಷಿಯೂ ದೊರೆತಂತಾಗುತ್ತದೆ. ಆದರೆ ಆ ಸಾಕ್ಷಿ ಸುಳ್ಳು. ನಮ್ಮ ಯಕೃತ್ತಿನಲ್ಲಿಯೂ ಸ್ನಾಯುಗಳಲ್ಲಿಯೂ ಗ್ಲೈಕೋಜೆನ್ ಎಂಬ ಪಿಷ್ಟದ ದಾಸ್ತಾನು ಇರುತ್ತದೆ. ಪಥ್ಯದ ಕಾಲದಲ್ಲಿ ಬರಿದಾದ ಆ ಕಣಜವು ಊಟ ಸಿಕ್ಕೊಡನೆ ತುಂಬಿಕೊಳ್ಳುತ್ತದೆ. ಒಂದು ಗ್ರಾಂ ದಾಸ್ತಾನಿನೊಂದಿಗೆ ಸುಮಾರು ಮೂರು ಗ್ರಾಂ ನೀರೂ ಸೇರಿಕೊಳ್ಳುತ್ತದೆ. ಮೊದಲ ದಿನಗಳಲ್ಲಿ ದಿಢೀರೆಂದು ಏರುವ ತೂಕದ ಬಹುಪಾಲು ಈ ನೀರು ಮತ್ತು ಕರುಳಿನಲ್ಲಿರುವ ಆಹಾರ, ಕೊಬ್ಬಲ್ಲ. ಹೊಟ್ಟೆ ಉಬ್ಬರಿಸುವುದೂ ಸಹಜವೇ. ಬಹುಕಾಲ ಕೆಲಸವಿಲ್ಲದ ಜಠರವು ಮಂದವಾಗಿರುತ್ತದೆ. ಕ್ರಮವಾಗಿ ಉಣ್ಣುತ್ತ ಬಂದಂತೆ ಕೆಲವು ವಾರಗಳಲ್ಲಿ ಅದು ಸರಿಹೋಗುತ್ತದೆ. ಮುಂದೆ ನಿಜವಾಗಿಯೂ ಮೈ ತುಂಬಿಕೊಳ್ಳುವುದಿದೆ. ಅದು ಅವಳಿಂದ ಕಳೆದುಹೋದದ್ದು ಮರಳಿ ಬರುವುದೇ ಹೊರತು ಬೇರೇನೂ ಅಲ್ಲ.

ನಮ್ಮ ಹಿರಿಯರು ಉಪವಾಸವನ್ನು ಬಲ್ಲವರು. ಆದರೆ ಉಪವಾಸವನ್ನು ಮುಗಿಸುವ ವಿಧಿಯನ್ನೂ ಅವರು ಅಷ್ಟೇ ಶ್ರದ್ಧೆಯಿಂದ ರೂಪಿಸಿದ್ದರೆಂಬುದನ್ನು ನಾವು ಮರೆತಿದ್ದೇವೆ. ಅಂಬರೀಷ ಮಹಾರಾಜನ ಕಥೆ ಯಾರಿಗೆ ತಿಳಿಯದು? ಏಕಾದಶಿಯ ವ್ರತವನ್ನು ಮುಗಿಸಿದ ಅರಸನು ದ್ವಾದಶಿಯೊಳಗೆ ಪಾರಣೆ ಮಾಡಲೇಬೇಕು. ಇಲ್ಲವಾದರೆ ವ್ರತವೇ ನಿಷ್ಫಲ. ಸ್ನಾನಕ್ಕೆ ಹೋದ ದೂರ್ವಾಸರು ಬರಲಿಲ್ಲ. ಅತಿಥಿಗೆ ಮೊದಲು ಉಣ್ಣುವಂತಿಲ್ಲ, ಉಣ್ಣದೆ ಇರುವಂತೆಯೂ ಇಲ್ಲ. ಅರಸನು ಒಂದು ಗುಟುಕು ನೀರನ್ನು ಕುಡಿದು ಪಾರಣೆಯನ್ನು ಪೂರೈಸಿದನು. ಕೋಪಿಸಿಕೊಂಡವರು ಕೋಪಿಸಿಕೊಂಡರು, ಕೊನೆಗೆ ಉಳಿದದ್ದು ಅರಸನ ಧರ್ಮವೇ. ಶತಮಾನಗಳ ಹಿಂದೆ ಕನ್ನಡ ನಾಡಿನಿಂದ ಬಂದು ವಯನಾಡಿನಲ್ಲಿ ನೆಲೆಸಿದ ನಮ್ಮ ಜೈನ ಬಾಂಧವರ ಮನೆಗಳಲ್ಲಿಯೂ ಇಂತಹುದೇ ಒಂದು ನೆನಪಿದೆ. ವರ್ಷ ಪರ್ಯಂತ ನಿರಾಹಾರನಾಗಿದ್ದ ವೃಷಭನಾಥನು ಹಸ್ತಿನಾಪುರದಲ್ಲಿ ಶ್ರೇಯಾಂಸನು ನೀಡಿದ ಕಬ್ಬಿನ ಹಾಲಿನಿಂದ ಪಾರಣೆ ಮಾಡಿದ ದಿನವನ್ನೇ ಅಕ್ಷಯ ತದಿಗೆಯೆಂದು ಆಚರಿಸುತ್ತಾರೆ. ಗಮನಿಸಿರಿ, ಹಬ್ಬವಾದದ್ದು ಉಪವಾಸ ಆರಂಭವಾದ ದಿನವಲ್ಲ, ಮುಗಿದ ದಿನ. ಇಂದಿನ ಪಥ್ಯಗಳಿಗೆ ಆರಂಭವಿದೆ, ಪಾರಣೆಯಿಲ್ಲ. ಕೇಡು ಇರುವುದು ಅಲ್ಲಿಯೇ.

ಭಯ ಹೋದ ಮೇಲೆ ಉಣ್ಣುತ್ತೇನೆ ಎಂದು ಹುಡುಗಿ ಹೇಳಬಹುದು. ಹಾಗಾಗುವುದಿಲ್ಲ. ತಾಮರಶ್ಶೇರಿ ಘಾಟಿಯನ್ನು ಮೊದಲ ಸಲ ವಾಹನ ನಡೆಸಿ ಇಳಿಯುವವನು ಲಕ್ಕಿಡಿಯಲ್ಲಿ ನಿಂತು ಎಷ್ಟು ಹೊತ್ತು ಕೆಳಗೆ ನೋಡಿದರೂ ಅವನ ಭಯ ಇಳಿಯದು, ಬದಲು ಹೆಚ್ಚುತ್ತದೆ. ಒಂಬತ್ತು ಹೇರ್‌ಪಿನ್ ತಿರುವುಗಳಲ್ಲಿ ಮೊದಲನೆಯದನ್ನು ದಾಟಿದಾಗ ಎರಡನೆಯದಕ್ಕೆ ಧೈರ್ಯ ಬರುತ್ತದೆ. ಅನ್ನದ ಭಯವೂ ಹಾಗೆಯೇ. ಉಂಡಂತೆ ಉಂಡಂತೆ ಕರಗುತ್ತದೆ. ಹೊತ್ತು ಹೊತ್ತಿಗೆ ಮೂರು ಊಟ, ನಡುವೆ ಎರಡು ಉಪಾಹಾರಗಳು ಎಂಬ ಕ್ರಮವನ್ನು ಮೊದಲು ನಿಲ್ಲಿಸಿರಿ. ಹಸಿವಾಯಿತೇ ಇಲ್ಲವೇ ಎಂದು ಕೇಳುವ ಗೋಜು ಈಗ ಬೇಡ. ಹಸಿವಿನ ಗಡಿಯಾರ ಕೆಟ್ಟಿರುವಾಗ ಗೋಡೆಯ ಗಡಿಯಾರವನ್ನು ನಂಬಬೇಕು. ಬೆಳಗಿನ ಗಂಜಿಗೆ ಒಂದು ಚಮಚ ತುಪ್ಪ, ಕೆಲವು ದಿನಗಳ ಮೇಲೆ ಸಂಜೆಗೊಂದು ನೇಂದ್ರ ಬಾಳೆ, ಅನಂತರ ರಾಗಿಮುದ್ದೆಯ ಗಾತ್ರ, ಹೀಗೆ ವೈದ್ಯರು ಹೇಳಿದ ಅಳತೆಗೆ ಅನುಸಾರವಾಗಿ ಮುಂದುವರಿಯಬೇಕು. ಅವಳು ಅಂಜುವ ತಿನಿಸುಗಳನ್ನು ಅವಳಿಂದಲೇ ಒಂದು ಹಾಳೆಯಲ್ಲಿ ಬರೆಯಿಸಿ, ಕಡಿಮೆ ಅಂಜಿಕೆಯದನ್ನು ಮೊದಲು ತಟ್ಟೆಗೆ ತನ್ನಿರಿ. ಒಂದು ದಿನ ಸೋತರೆ ವ್ರತ ಕೆಟ್ಟಿತೆಂದು ಭಾವಿಸಬೇಡಿರಿ. ಮರುದಿನದ ಊಟ ಅದರ ಹೊತ್ತಿಗೆ ನಡೆಯಲಿ. ತೂಕದ ಯಂತ್ರವನ್ನು ಅಟ್ಟಕ್ಕೆ ಸೇರಿಸಿರಿ. ತೂಕ ನೋಡುವ ಕೆಲಸ ವೈದ್ಯರದಾಗಲಿ.

ಇಲ್ಲಿ ಒಂದು ಎಚ್ಚರಿಕೆಯನ್ನು ಹೇಳದೆ ಇರುವಂತಿಲ್ಲ. ಐದಾರು ದಿನಗಳಿಗೂ ಮೀರಿ ಬಹುಮಟ್ಟಿಗೆ ಏನನ್ನೂ ತಿನ್ನದವರು, ಅಥವಾ ತೀರ ಕೃಶರಾದವರು, ಮನೆಯಲ್ಲಿಯೇ ಒಮ್ಮೆಗೇ ಹೆಚ್ಚು ಉಣ್ಣತಕ್ಕದ್ದಲ್ಲ. ಎರಡನೆಯ ಮಹಾಯುದ್ಧದ ಬಳಿಕ ಸೆರೆಯಿಂದ ಬಿಡುಗಡೆಯಾದ ಹಸಿದ ಜನರಲ್ಲಿ ಕೆಲವರು ಆಹಾರ ದೊರೆತ ಮೇಲೆಯೇ ಮೃತರಾದುದನ್ನು ವೈದ್ಯರು ಕಂಡರು. ದಿಢೀರನೆ ಅನ್ನ ಬಂದಾಗ ರಕ್ತದಲ್ಲಿರುವ ರಂಜಕ, ಪೊಟ್ಯಾಸಿಯಂ ಮೊದಲಾದ ಲವಣಗಳು ಜೀವಕೋಶಗಳೊಳಕ್ಕೆ ಸೆಳೆಯಲ್ಪಟ್ಟು, ಹೃದಯವು ದುರ್ಬಲವಾಗುವುದೇ ಇದಕ್ಕೆ ಕಾರಣ. ಅಂಥವರ ಪಾರಣೆ ಆಸ್ಪತ್ರೆಯಲ್ಲಿ, ರಕ್ತಪರೀಕ್ಷೆಯೊಂದಿಗೆ ನಡೆಯಬೇಕು. ತಲೆ ಸುತ್ತಿ ಬೀಳುವುದು, ಎದೆ ಬಡಿತದಲ್ಲಿ ಏರುಪೇರು, ಕಾಲು ಬಾವು, ಉಂಡದ್ದನ್ನು ಕಕ್ಕಿಕೊಳ್ಳುವುದು, ಇವುಗಳಲ್ಲಿ ಯಾವುದು ಕಂಡರೂ ತಡಮಾಡಬಾರದು. 2025ರ ಮಾರ್ಚ್ ತಿಂಗಳಿನಲ್ಲಿ ನಮ್ಮ ನೆರೆಯ ಕಣ್ಣೂರು ಜಿಲ್ಲೆಯಲ್ಲಿ, ದಪ್ಪಗಾಗುವ ಭಯದಿಂದ ಆಹಾರವನ್ನು ತೊರೆಯುತ್ತ ಬಂದ ಹದಿಹರೆಯದ ಹುಡುಗಿಯೊಬ್ಬಳು ಅಸುನೀಗಿದ ವಾರ್ತೆಯನ್ನು ಪತ್ರಿಕೆಗಳಲ್ಲಿ ಓದಿ ನಾವೆಲ್ಲರೂ ಮರುಗಿದೆವು. ಮರುಗಿದರೆ ಸಾಲದು. ಇದು ಶೋಕಿಯ ಹುಚ್ಚಲ್ಲ, ಪ್ರಾಣಕ್ಕೆ ಎರವಾಗಬಲ್ಲ ಕಾಯಿಲೆ ಎಂಬುದನ್ನು ಮನೆಮನೆಯೂ ಅರಿಯಬೇಕು. ಗಂಡುಮಕ್ಕಳೂ ಇದಕ್ಕೆ ಹೊರತಲ್ಲ.

ಇನ್ನು ಮನೆಯವರ ಪಾಲು. ಹುಡುಗಿಯನ್ನು ಒಬ್ಬಳನ್ನೇ ಕೂರಿಸಿ ಬಡಿಸಿ ಕಾವಲು ನಿಲ್ಲಬೇಡಿರಿ. ಎಲ್ಲರೂ ಒಟ್ಟಿಗೆ ಕುಳಿತು ಉಣ್ಣಿರಿ. ಅವಳ ತುತ್ತುಗಳನ್ನು ಎಣಿಸಬೇಡಿರಿ. ಊಟದ ಹೊತ್ತಿನಲ್ಲಿ ಮಳೆಯ ಮಾತು, ಕಾಫಿ ತೋಟದ ಮಾತು, ಮೆಣಸಿನ ಧಾರಣೆಯ ಮಾತು ನಡೆಯಲಿ. ಅಜ್ಜಿಯವರಿಗೆ ವಿನಯದಿಂದ ತಿಳಿಸಿರಿ: "ಮುಖ ತುಂಬಿಕೊಂಡಿತು" ಎಂಬ ಅವರ ಸಂತೋಷದ ಮಾತೂ ಈ ಹುಡುಗಿಯ ಕಿವಿಗೆ ಬೈಗುಳವಾಗಿ ಕೇಳಿಸಬಹುದು. ತಂದೆ ತಾಯಿಯರು ತಮ್ಮ ಹೊಟ್ಟೆಯನ್ನು ಹಳಿದುಕೊಳ್ಳುವುದನ್ನೂ ಬಿಡಬೇಕು. ಊಟವಾದ ಮೇಲೆ ಒಂದು ಗಳಿಗೆ ಅವಳೊಂದಿಗೆ ಕುಳಿತಿರಿ. ಭಯ ಹೆಚ್ಚಾಗಿ ಕಾಡುವುದು ಆಗಲೇ.

ಮಾತಿನಿಂದ ಇಳಿಯದ ಭಯಕ್ಕೆ ಮನೋವೈದ್ಯರ ನೆರವನ್ನು ಪಡೆಯುವುದರಲ್ಲಿ ನಾಚಿಕೆಯೇನೂ ಇಲ್ಲ. ಭಾರತ ಸರ್ಕಾರವು 2022ರ ಅಕ್ಟೋಬರಿನಲ್ಲಿ ಆರಂಭಿಸಿದ ಟೆಲಿ-ಮಾನಸ್ ಸೇವೆಗೆ 14416 ಎಂಬ ಸಂಖ್ಯೆಯಲ್ಲಿ ಹಣ ತೆರದೆ ಕರೆ ಮಾಡಬಹುದು. ಕನ್ನಡವೂ ಮಲಯಾಳವೂ ಆ ಸೇವೆಯ ಭಾಷೆಗಳಲ್ಲಿ ಸೇರಿವೆ. ಮನೆಯಲ್ಲಿ ಒಂದು ಮಾತು, ಹೊರಗೆ ಇನ್ನೊಂದು ಮಾತು ಆಡುತ್ತ ಬಾಳುವ ನಮಗೆ, ದುಃಖವನ್ನು ತಾಯ್ನುಡಿಯಲ್ಲಿ ಹೇಳಿಕೊಳ್ಳುವ ಅನುಕೂಲ ಎಷ್ಟು ದೊಡ್ಡದೆಂಬುದನ್ನು ವಿವರಿಸಬೇಕಾಗಿಲ್ಲ.

ಪತ್ರ ಬರೆದ ಸೋದರಿಗೆ ನಮ್ಮ ಕೊನೆಯ ಮಾತು. ತಾಯಿ, ನಿಮ್ಮ ಮಗಳು ಬಲಹೀನಳಲ್ಲ. ಒಂದು ವರ್ಷ ಹಸಿವನ್ನು ಗೆದ್ದವಳಲ್ಲಿ ಬಲಕ್ಕೆ ಕೊರತೆಯಿಲ್ಲ. ಆ ಬಲವನ್ನು ಈಗ ಉಣ್ಣುವ ಕಡೆಗೆ ತಿರುಗಿಸಬೇಕಾಗಿದೆ, ಅಷ್ಟೇ. ವಯನಾಡಿನ ಗಂಧಕಸಾಲೆ ಅಕ್ಕಿ ಬೇಯುವಾಗ ಅದರ ಪರಿಮಳ ಅಂಗಳದವರೆಗೂ ಬರುತ್ತದೆ. ಆ ಪರಿಮಳವನ್ನು ಅವಳು ಅಂಜಿಕೆಯಿಲ್ಲದೆ ಆಸ್ವಾದಿಸುವ ದಿನ ಬಂದೇ ಬರುತ್ತದೆ; ಅವಸರ ಮಾಡಬೇಡಿರಿ, ಕೈಯನ್ನೂ ಬಿಡಬೇಡಿರಿ. ಅವಳು ಉಂಡ ಸುದ್ದಿಯನ್ನು ನಮಗೆ ಬರೆಯಿರಿ. ಅಂದು ಮದುವೆ ಮನೆಯಲ್ಲಿ ಆಡಬಾರದ ಮಾತನ್ನು ಆಡಿದ ನಾವು ಆ ಪತ್ರಕ್ಕಾಗಿ ಕಾದಿರುತ್ತೇವೆ.