ಮೋಹಕ ಬಲೆ ಒಬ್ಬರ ಹೊಲದ ಕೆಲಸವಲ್ಲ

ಹತ್ತಿಯ ಗುಲಾಬಿ ಕಾಯಿಕೊರಕ ಕಾಯಿಯೊಳಗೆ ಸೇರಿಕೊಂಡ ಮೇಲೆ ಎಷ್ಟು ಔಷಧಿ ಹೊಡೆದರೂ ತಾಗುವುದು ಕಷ್ಟ. ಬಿಟಿ ಬೀಜಕ್ಕೂ ಅದು ಈಗ ಬಗ್ಗುತ್ತಿಲ್ಲ. ಹಾಗಾಗಿ ಅದು ಇನ್ನೂ ಪತಂಗವಾಗಿರುವಾಗಲೇ ಅದರ ಸುಳಿವು ಹಿಡಿಯಬೇಕು ಎನ್ನುತ್ತೇವೆ ನಾವು.

ಕತ್ತಲಲ್ಲಿ ಪತಂಗಗಳು ಜೋಡಿ ಹುಡುಕುವುದು ವಾಸನೆಯಿಂದ. ಹೆಣ್ಣು ತನ್ನ ಹೊಟ್ಟೆಯ ತುದಿಯಿಂದ ಗಾಳಿಗೆ ಒಂದು ರಾಸಾಯನಿಕ ಬಿಡುತ್ತದೆ. ಗಂಡು ತಲೆಯ ಮೇಲಿನ ಮೀಸೆಗಳಿಂದ ಅದನ್ನು ಗ್ರಹಿಸಿ, ಗಾಳಿಗೆ ಎದುರಾಗಿ ಹಾರಿ ಬರುತ್ತದೆ. ಇಂಥ ವಾಸನೆ ಏನೆಂದು ಮೊದಲು ಗುರುತಿಸಿದ್ದು 1959ರಲ್ಲಿ, ನಮಗೆಲ್ಲ ಗೊತ್ತಿರುವ ರೇಷ್ಮೆ ಪತಂಗದಲ್ಲಿ. ಜರ್ಮನಿಯ ಅಡಾಲ್ಫ್ ಬುಟೆನಾಂಟ್ ಅವರ ತಂಡಕ್ಕೆ ಅದಕ್ಕಾಗಿ ಸುಮಾರು 5 ಲಕ್ಷ ಪತಂಗಗಳು ಬೇಕಾದವು.

ಅದೇ ವಾಸನೆಯನ್ನು ಕಾರ್ಖಾನೆಯಲ್ಲಿ ತಯಾರಿಸಿ ತುಂಬಿದ್ದೇ ಮೋಹಕ ಬಲೆಯ ಲ್ಯೂರ್. ಒಂದೊಂದು ಜಾತಿಗೆ ಒಂದೊಂದು ವಾಸನೆ. ತೊಗರಿ ಕಾಯಿಕೊರಕದ ಲ್ಯೂರ್ ತಂದು ಹತ್ತಿಯಲ್ಲಿ ಕಟ್ಟಿದರೆ ಗುಲಾಬಿ ಕಾಯಿಕೊರಕದ ಪತಂಗ ಬರುವುದಿಲ್ಲ. ಕೊಳ್ಳುವಾಗ ಹುಳುವಿನ ಹೆಸರು ಹೇಳಿ ಕೇಳಿ.

"ಬಲೆ ಹಾಕಿದ್ದೆವು, ಏನೂ ಆಗಲಿಲ್ಲ" ಎನ್ನುವವರೂ ಇದ್ದಾರೆ. ಅವರ ಮಾತು ಸುಳ್ಳಲ್ಲ. ಬಲೆಗೆ ಬೀಳುವುದು ಗಂಡು ಮಾತ್ರ. ನಿಮ್ಮ ಹೊಲದಲ್ಲಷ್ಟೇ ಬಲೆ ಇದ್ದರೆ, ಪಕ್ಕದ ಹೊಲದಲ್ಲಿ ಕೂಡಿದ ಹೆಣ್ಣು ಬಂದು ನಿಮ್ಮ ಗಿಡದ ಮೇಲೆ ಮೊಟ್ಟೆ ಇಡುತ್ತದೆ. ಪತಂಗಕ್ಕೆ ಬದುವೂ ಗೊತ್ತಿಲ್ಲ, ಪಹಣಿಯೂ ಗೊತ್ತಿಲ್ಲ.

ಅಮೆರಿಕದ ಹತ್ತಿ ಸೀಮೆಯಲ್ಲಿ ಈ ಹುಳು ನಿರ್ಮೂಲವಾಯಿತೆಂದು 2018ರಲ್ಲಿ ಘೋಷಿಸಿದರು. ಬಿಟಿ ಹತ್ತಿ, ಮೋಹಕ ವಾಸನೆ, ಸಂತಾನಶಕ್ತಿ ಕಳೆದ ಪತಂಗಗಳನ್ನು ಬಿಡುವುದು, ಇವೆಲ್ಲವನ್ನೂ ಅಲ್ಲಿ ಇಡೀ ಸೀಮೆಯ ರೈತರು ಸೇರಿ ಮಾಡಿದರು. ಅಲ್ಲಿನ ಹಣ, ಯಂತ್ರ ನಮ್ಮಲ್ಲಿಲ್ಲ ನಿಜ. ಆದರೆ ಒಟ್ಟಾಗಿ ಮಾಡುವುದಕ್ಕೆ ನಮಗೆ ಅಡ್ಡಿಯೇನು?

ನಾವು ಹೇಳುವುದು ಇಷ್ಟೇ. ಬಿತ್ತಿ 45 ದಿನಕ್ಕೆ ಊರಿನ ಎಲ್ಲ ಹತ್ತಿ ಹೊಲಗಳಲ್ಲೂ ಎಕರೆಗೆ ಎರಡು ಬಲೆ ಏಳಲಿ. ಪ್ಯಾಕೆಟ್ ಮೇಲೆ ಬರೆದ ಅವಧಿ ಮುಗಿದ ಕೂಡಲೇ ಲ್ಯೂರ್ ಬದಲಿಸಿ. ದಿನಾ ಬೆಳಿಗ್ಗೆ ಬಿದ್ದ ಪತಂಗ ಎಣಿಸಿ ಊರಿನ ವಾಟ್ಸಾಪ್ ಗುಂಪಿಗೆ ಹಾಕಿ. ಸತತ ಮೂರು ದಿನ ಬಲೆಗೆ 8 ಪತಂಗ ಬಿದ್ದರೆ ಔಷಧಿಯ ಮಾತು. ಅದಕ್ಕೂ ಮುಂಚೆ ಬೇಡ. ರೈತ ಸಂಪರ್ಕ ಕೇಂದ್ರದವರೂ ಬಲೆಯನ್ನು ಅಲ್ಲೊಬ್ಬರಿಗೆ ಇಲ್ಲೊಬ್ಬರಿಗೆ ಹಂಚದೆ, ಊರಿಗೆ ಊರೇ ಕೊಡಲಿ.