‘ಸಿಡಿದೀತು’ ಎಂಬ ಮಾತು

ನಮ್ಮ ವ್ಯಾಕರಣದಲ್ಲಿ ಸಂಭಾವನಾರ್ಥಕವೆಂಬ ಕ್ರಿಯಾರೂಪವೊಂದುಂಟು. ‘ಮಳೆ ಬಂದೀತು’, ‘ಮರ ಬಿದ್ದೀತು’ ಎಂದು ವರ್ಷವರ್ಷವೂ ತರಗತಿಯಲ್ಲಿ ಉದಾಹರಣೆ ಕೊಡುತ್ತೇನೆ. ಇಂಥ ಒಂದು ರೂಪವನ್ನು ಸಾವಿರಾರು ಜನರ ಪ್ರಾಣ ನೆಚ್ಚಿಕೊಂಡಿರಬಹುದೆಂಬುದು ಜ್ವಾಲಾಮುಖಿಗಳನ್ನು ಕುರಿತು ಓದುವವರೆಗೆ ನನಗೆ ಹೊಳೆದಿರಲಿಲ್ಲ.

ಸಿಡಿಯುವ ಮುನ್ನ ಬೆಟ್ಟ ಸಾಮಾನ್ಯವಾಗಿ ಕುರುಹು ತೋರುತ್ತದೆ. ಶಿಲಾರಸ ಮೇಲೇರುವಾಗ ಸುತ್ತಲ ಬಂಡೆ ಬಿರಿದು ಸಣ್ಣ ಕಂಪನಗಳೇಳುತ್ತವೆ, ನೆಲ ಉಬ್ಬುತ್ತದೆ, ಗಂಧಕದ ಅನಿಲ ಹೊರಬರುತ್ತದೆ. ಇವನ್ನೆಲ್ಲ ಅಳೆದರೂ ವಿಜ್ಞಾನಿ ದಿನ, ಗಳಿಗೆ ಹೇಳಲಾರ. ‘ಸಿಡಿದೀತು’ ಎಂದಷ್ಟೇ ಹೇಳಬಲ್ಲ.

ಕೊಲಂಬಿಯದ ನೆವಾಡೊ ದೆಲ್ ರೂಯಿಸ್ ಪರ್ವತದ ಅಪಾಯಗಳನ್ನು ತೋರುವ ನಕ್ಷೆ 1985ರ ಅಕ್ಟೋಬರಿನಲ್ಲೇ ಸಿದ್ಧವಾಗಿತ್ತು. ಕೆಸರಿನ ಪ್ರವಾಹ ಹರಿಯಬಹುದಾದ ಹಾದಿಯಲ್ಲಿ ಅರ್ಮೇರೊ ಪಟ್ಟಣವಿತ್ತು. ಸುಳ್ಳೆಚ್ಚರಿಕೆಯಾದೀತೆಂದು, ವೆಚ್ಚವಾದೀತೆಂದು ಅಧಿಕಾರಿಗಳು ಹಿಂಜರಿದರು. ನವೆಂಬರ್ 13ರ ರಾತ್ರಿ ಬೆಟ್ಟ ಸಿಡಿದು ಶಿಖರದ ಹಿಮ ಕರಗಿತು. ಕೆಸರು ಪಟ್ಟಣ ಮುಟ್ಟಲು ಎರಡು ಗಂಟೆಗೂ ಮೀರಿ ಹಿಡಿಯಿತು. ದಿಣ್ಣೆ ಹತ್ತಲು ಅಷ್ಟು ಹೊತ್ತು ಸಾಕಾಗಿತ್ತು. ಇಪ್ಪತ್ತು ಸಾವಿರಕ್ಕೂ ಹೆಚ್ಚು ಜನ ಸತ್ತರು.

1991ರಲ್ಲಿ ಫಿಲಿಪೀನ್ಸಿನ ಪಿನಟುಬೊ, ಸುಮಾರು ಐದುನೂರು ವರ್ಷಗಳ ನಿದ್ದೆಯಿಂದ ಎದ್ದಿತು. ಮೇ 13ರಂದು ದಿನಕ್ಕೆ ಸುಮಾರು 500 ಟನ್ ಹೊಮ್ಮುತ್ತಿದ್ದ ಗಂಧಕದ ಡೈಆಕ್ಸೈಡ್ ಮೇ 28ಕ್ಕೆ 5,000 ಟನ್ ಮುಟ್ಟಿ, ಜೂನ್ 5ರ ಹೊತ್ತಿಗೆ 300ಕ್ಕೂ ಕೆಳಗಿಳಿಯಿತು. ನನ್ನಂಥವನಾದರೆ ಗಂಡಾಂತರ ಕಳೆಯಿತೆಂದು ನಿಟ್ಟುಸಿರು ಬಿಡುತ್ತಿದ್ದ. ದಾರಿ ಕಟ್ಟಿಕೊಂಡು ಒಳಗೆ ಒತ್ತಡ ಬೆಳೆಯುತ್ತಿರಬಹುದೆಂದು ವಿಜ್ಞಾನಿಗಳು ಶಂಕಿಸಿದರು. ತಮ್ಮ ಶಂಕೆ ಜನಕ್ಕೆ ತಿಳಿಯಲೆಂದು ಎಚ್ಚರಿಕೆಯನ್ನು ಐದು ಹಂತಗಳಾಗಿ ವಿಂಗಡಿಸಿದ್ದರು. ಫ್ರಾನ್ಸಿನ ಮಾರಿಸ್ ಕ್ರಾಫ್ಟ್ ತೆಗೆದ, ಜ್ವಾಲಾಮುಖಿ ಹೇಗೆ ಕೊಲ್ಲುತ್ತದೆಂಬ ಚಿತ್ರವನ್ನು ತೋರಿಸಿದ್ದರು. ಆ ಕ್ರಾಫ್ಟ್ ಮತ್ತು ಪತ್ನಿ ಕಾತ್ಯಾ ಜೂನ್ 3ರಂದು ಜಪಾನಿನ ಉನ್ಜೆನ್ ಬೆಟ್ಟದಲ್ಲಿ ಮಡಿದರು. ಜೂನ್ 15ರಂದು ಪಿನಟುಬೊ ಭೀಕರವಾಗಿ ಸಿಡಿದಾಗ ಹತ್ತಾರು ಸಾವಿರ ಜನ ಆಗಲೇ ದೂರ ಸರಿದಿದ್ದರು. ನೆನೆದ ಬೂದಿಯ ಭಾರಕ್ಕೆ ಛಾವಣಿ ಕುಸಿದು ನೂರಾರು ಮಂದಿ ಸತ್ತರೆಂಬುದು ನಿಜ, ಉಳಿದವರು ಸಾವಿರಾರು.

ಎರಡು ಕಡೆಯೂ ವಿಜ್ಞಾನ ನುಡಿದದ್ದು ಸಂಭಾವನೆಯನ್ನೇ. ಕೇಳುವವರಲ್ಲಿ ಮಾತ್ರ ಭೇದವಿತ್ತು. ನಿಶ್ಚಯವಾಗಿ ಹೇಳುವವನನ್ನು ನಂಬಿ, ಸಂಶಯದಿಂದ ಹೇಳುವವನನ್ನು ಅರಿಯದವನೆಂದು ತಳ್ಳುವುದು ನಮ್ಮ ಹಳೆಯ ಚಾಳಿ. ‘ಸಿಡಿದೀತು’ ಎಂದರೆ ‘ತಿಳಿಯದು’ ಎಂದಲ್ಲ. ತಿಳಿದಷ್ಟನ್ನು ಪ್ರಾಮಾಣಿಕವಾಗಿ ಹೇಳಿದ್ದೇನೆ ಎಂದರ್ಥ. ಎಚ್ಚರಿಕೆ ಕೇಳಿ ಊರು ಬಿಟ್ಟವರು, ಬೆಟ್ಟ ಸಿಡಿಯದಿದ್ದರೆ, ನಗುತ್ತ ಹಿಂದಿರುಗಲಿ, ಎಚ್ಚರಿಸಿದವನನ್ನು ಹಳಿಯದಿರಲಿ. ಮುಂದಿನ ಸಲ ಸಂಭಾವನಾರ್ಥಕದ ಪಾಠ ಬಂದಾಗ ಮಳೆ, ಮರಗಳ ಜೊತೆಗೆ ಅರ್ಮೇರೊವನ್ನೂ ಹೇಳಬೇಕೆಂದಿದ್ದೇನೆ.